ಗಂಡು ಹುಡುಕಲು ಬೀಳಗಿಗೆ

ಶುಕ್ರವಾರ, ಬಾಗಲಕೋಟೆ

ಧಾರವಾಡದ ಬಸ್ಸಿನಿಂದ ನವನಗರದಲ್ಲಿ ಇಳಿದ ಸೊಸಿಯ ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಇನ್ನೊಂದು. ಕೈಯಲ್ಲಿದ್ದದ್ದನ್ನು ಇಸಗೊಳ್ಳಲು ಹೋದರೆ ಕೊಡಲಿಲ್ಲ. "ಅದರಾಗ ಸ್ಪಿರಿಟ್ ಐತಿ ಮಾಮಾ, ಅಡ್ಡ ಹಿಡದಿ ಅಂದ್ರ ಎಲ್ಲಾ ಸೋರತೈತಿ" ಎಂದಳು. ಅಕ್ಕನ ಮಗಳು, ಜೇಡಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಹೋದ ವರ್ಷ ಬೀಳಗಿ ಕಡೆಯ ಗಾಯರಾಣವೊಂದರಲ್ಲಿ ಹೆಸರುಕಾಳಿನಷ್ಟು ದೊಡ್ಡ ಜಿಗಿಜೇಡವೊಂದು ಅವಳಿಗೆ ಸಿಕ್ಕಿತ್ತು. ಹೆಣ್ಣು. ಎಷ್ಟು ಪ್ರಬಂಧ ತಿರುವಿ ಹಾಕಿದರೂ ಅದು ಯಾವುದಕ್ಕೂ ತಾಳೆಯಾಗಿಲ್ಲ. ಹೊಸ ಪ್ರಭೇದ ಇದ್ದರೂ ಇರಬಹುದು. ಆದರೆ ಬರೀ ಹೆಣ್ಣನ್ನು ಇಟ್ಟುಕೊಂಡು ಹೆಸರಿಟ್ಟರೆ, ನಾಳೆ ಬೇರೆ ಯಾರಿಗೋ ಗಂಡು ಸಿಕ್ಕು ಅವರು ಅದಕ್ಕೆ ಇನ್ನೊಂದು ಹೆಸರಿಟ್ಟು, ಒಂದೇ ಜೀವಿ ಎರಡು ಹೆಸರಿನಲ್ಲಿ ಓಡಾಡುವ ಫಜೀತಿ ಆಗುತ್ತದೆ. ಜೇಡಗಳ ಶಾಸ್ತ್ರದಲ್ಲಿ ಹೀಗಾದ ಉದಾಹರಣೆಗಳು ಬೇಕಾದಷ್ಟಿವೆ. ಅದಕ್ಕೇ ಈ ಸಲ ಗಂಡು ಬೇಕು.

ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಫೋನು. "ಗಂಡಿನ ಕಡೆಯವರು ಐತವಾರ ಬರ್ತೀವಿ ಅಂದಾರ, ಇಕಿ ನಿಮ್ಮ ಊರಿಗೆ ಬಂದು ಕುಂತಾಳಲ್ಲೋ" ಎಂದು ಬೈಗುಳ ನನಗೆ. ಸ್ಪೀಕರ್ ಹಾಕಿತ್ತು. "ನಾನೂ ಗಂಡು ಹುಡಕಾಕ ಬಂದೀನಿ ಯವ್ವಾ" ಎಂದು ಸೊಸಿ ರೊಟ್ಟಿ ಮುರಿದಳು. ಆ ಕಡೆ ಫೋನು ಕಟ್ಟಾಯಿತು.

ಶನಿವಾರ, ಬೀಳಗಿ

ನಸುಕಿನಲ್ಲೇ ಬೈಕು ಹತ್ತಿದೆವು. ಗದ್ದನಕೇರಿ ಕ್ರಾಸಿನಲ್ಲಿ ಚಹಾ. ಅನಗವಾಡಿ ಸೇತುವೆಯ ಕೆಳಗೆ ಘಟಪ್ರಭೆ ತುಂಬಿ ನಿಂತಿತ್ತು. ಮಳೆಗಾಲದ ಕೊನೆಗೆ ಆಲಮಟ್ಟಿಯ ಹಿನ್ನೀರು ಇಲ್ಲಿಯತನಕ ಒತ್ತಿಕೊಂಡು ಬರುತ್ತದೆ. ಆಚೆ ದಂಡೆಯಲ್ಲಿ ಕಬ್ಬು, ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತಿಗೆಗೆ ತಯಾರಿ. ನಮಗೆ ಬೇಕಾದದ್ದು ಹೊಲವೂ ಅಲ್ಲ, ಅಡವಿಯೂ ಅಲ್ಲ. ಇವೆರಡರ ನಡುವೆ ಉಳಿದುಕೊಂಡ ಗರಸು ಮಣ್ಣಿನ ದಿಬ್ಬಗಳು. ಮೊಣಕಾಲುದ್ದ ಹುಲ್ಲು, ಅಲ್ಲೊಂದು ಬಾರಿ ಕಂಟಿ, ಇಲ್ಲೊಂದು ಜಾಲಿ, ಹಳದಿ ಹೂವಿನ ಆವರಿಕೆ. ಹುಲ್ಲೇ ಯಜಮಾನ, ಗಿಡ ನಡುನಡುವೆ ಬಂದು ಹೋಗುವ ನೆಂಟ ಅನ್ನುವಂಥ ಈ ಬಯಲನ್ನು ವಿಜ್ಞಾನಿಗಳು ಸವನ್ನಾ ಅನ್ನುತ್ತಾರೆ. ಜಮೀನಿನ ಕಾಗದವಾದ ಉತಾರದಲ್ಲಿ ಮಾತ್ರ ಇದು ಖರಾಬು.

ಜಿಗಿಜೇಡ ಬಲೆ ಕಟ್ಟಿ ಕಾಯುವ ಜಾತಿಯಲ್ಲ. ಹಗಲು ಹೊತ್ತಿನಲ್ಲಿ ಕಣ್ಣಿಂದ ನೋಡಿ, ಹೊಂಚು ಹಾಕಿ, ಮೇಲೆ ಬಿದ್ದು ಹಿಡಿಯುತ್ತದೆ. ಹಾಗಾಗಿ ಅದನ್ನು ಹುಡುಕುವವರು ಬಿಸಿಲಿನಲ್ಲಿ ನೆಲಕ್ಕೆ ಮೊಣಕಾಲೂರಿ, ಹುಲ್ಲಿನ ಬುಡಗಳ ನಡುವಿನ ಬರಿನೆಲವನ್ನೇ ದಿಟ್ಟಿಸುತ್ತ ಅಂಗುಲ ಅಂಗುಲ ಮುಂದೆ ಸರಿಯಬೇಕು. ಸೊಸಿ ಎರಡೂ ಮೊಣಕಾಲಿಗೆ ಗಾಡಿ ಟ್ಯೂಬಿನ ರಬ್ಬರು ಕಟ್ಟಿಕೊಂಡಿದ್ದಳು. ಈಟಿಯಂತೆ ಮೊನಚಾದ ಹುಲ್ಲಿನ ಬೀಜ ಪ್ಯಾಂಟಿಗೆ ಚುಚ್ಚಿಕೊಂಡು ಒಳಗೊಳಗೆ ಕೊರೆಯುತ್ತದೆ. ಅದನ್ನು ಕೀಳುವುದೇ ಒಂದು ಪ್ರತ್ಯೇಕ ಉದ್ಯೋಗ.

ಎಂಟು ಗಂಟೆಯ ಬಿಸಿಲು ಏರುತ್ತಿದ್ದಂತೆ ಮೊದಲನೆಯದು ಕಂಡಿತು. ಅಂದರೆ ಸೊಸಿಗೆ ಕಂಡಿತು. ನನಗೆ ಅವಳ ಬೆರಳ ತುದಿಯಲ್ಲಿ ಇದ್ದದ್ದು ಗರಸಿನ ಹರಳು. ಆ ಹರಳು ಗಕ್ಕನೆ ತಿರುಗಿ ನನ್ನ ಕಡೆ ನೋಡಿತು. ಕ್ಯಾಮೆರಾದ ಮ್ಯಾಕ್ರೋ ಲೆನ್ಸಿನಲ್ಲಿ ಹಿಡಿದರೆ ಎದುರಿಗೆ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಸಣ್ಣವೆರಡು, ತಲೆಯ ಮೇಲೆ ಹಿಂದಕ್ಕೆ ಇನ್ನೂ ನಾಲ್ಕು. ಹಿಂದೆ ಮುಂದೆ ಏನು ಅಲುಗಾಡಿದರೂ ಅದಕ್ಕೆ ಗೊತ್ತಾಗುತ್ತದೆ. ದೊಡ್ಡ ಕಣ್ಣುಗಳ ಹೊರಗಿನ ಮಸೂರ ಕದಲುವುದಿಲ್ಲ. ಒಳಗೆ ಉದ್ದನೆಯ ಕೊಳವೆ, ಅದರ ತುದಿಯ ಅಕ್ಷಿಪಟವನ್ನೇ ಅದು ಅತ್ತಿತ್ತ ಸರಿಸಿ ನೋಡುತ್ತದೆ. ಹಾಗೆ ಸರಿಸಿದಾಗ ಕಣ್ಣಿನ ಬಣ್ಣ ಕಪ್ಪಿಗಿದ್ದದ್ದು ಕಂದಾಗಿ, ಮತ್ತೆ ಕಪ್ಪಾಯಿತು. ಲೆನ್ಸಿನ ಹಿಂದೆ ನಾನಿದ್ದೇನೆ ಎಂಬುದನ್ನು ಅದು ಪರೀಕ್ಷೆ ಮಾಡುತ್ತಿತ್ತು.

ಆಮೇಲೆ ಹೊಟ್ಟೆಯ ತುದಿಯನ್ನು ಒಂದು ಕ್ಷಣ ನೆಲಕ್ಕೆ ತಾಗಿಸಿ, ಚಂಗನೆ ಹಾರಿತು. ಆ ತಾಗಿಸಿದ್ದು ನೂಲನ್ನು ಅಂಟಿಸಲಿಕ್ಕೆ. ಜಿಗಿತ ತಪ್ಪಿದರೆ ಅದೇ ನೂಲು ಹಿಡಿದು ವಾಪಸು ಬರಬಹುದು. ಮಿಡತೆಯ ಹಾಗೆ ಇದಕ್ಕೆ ದಪ್ಪ ತೊಡೆ ಇಲ್ಲ. ಕಾಲು ಚಾಚುವ ಸ್ನಾಯು ಮುಖ್ಯ ಕೀಲುಗಳಲ್ಲಿ ಇಲ್ಲವೇ ಇಲ್ಲ. ಮೈಯೊಳಗಿನ ದ್ರವದ ಒತ್ತಡವನ್ನು ಒಮ್ಮೆಲೇ ಏರಿಸಿ ಹಿಂಗಾಲುಗಳನ್ನು ಚಿಮ್ಮಿಸುತ್ತದೆ, ಜೆಸಿಬಿಯ ತೋಳು ಏಳುವುದೂ ಇದೇ ಸೂತ್ರದ ಮೇಲೆ. ಪ್ಯಾರಿ ಮತ್ತು ಬ್ರೌನ್ ಎಂಬಿಬ್ಬರು 1959ರಲ್ಲಿ ಇದನ್ನು ಅಳೆದು ತೋರಿಸಿದರು.

ಸೊಸಿ ಗಾಜಿನ ಸಣ್ಣ ಸೀಸೆಯನ್ನು ಮೇಲಿಂದ ಕವುಚಿ, ಅಡಿಗೆ ಹಳೆಯ ಲಗ್ನಪತ್ರಿಕೆಯ ತುಂಡು ಸರಿಸಿ ಅದನ್ನು ಹಿಡಿದಳು. ಬೆಳಕಿಗೆ ಹಿಡಿದು ನೋಡಿ, "ಇನ್ನೂ ಸಣ್ಣಂವ" ಎಂದು ಬಿಟ್ಟುಬಿಟ್ಟಳು. ಗಂಡಿನ ಬಾಯಿಯ ಪಕ್ಕದಲ್ಲಿ ಪಾಲ್ಪ್ ಎಂಬ ಎರಡು ಗಿಡ್ಡ ಕೈಗಳಿರುತ್ತವೆ. ಪ್ರಾಯಕ್ಕೆ ಬರುವಾಗ ಅವುಗಳ ತುದಿ ಊದಿಕೊಳ್ಳುತ್ತದೆ, ಕೊನೆಯ ಪೊರೆ ಕಳಚಿದ ಮೇಲಷ್ಟೇ ಅದರೊಳಗಿನ ಅಂಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆ ಅಂಗ ನೋಡದೆ ಪ್ರಭೇದ ಹೇಳುವಂತಿಲ್ಲ. ಇದು ಪೊರೆ ಕಳಚಲು ಇನ್ನೊಂದೇ ಬಾಕಿ ಇದ್ದ ಹುಡುಗ. ಆ ದಿನ ಸಿಕ್ಕವರೆಲ್ಲ ಅಂಥವರೇ, ಇಲ್ಲ ಹೆಣ್ಣುಗಳು.

ಮಧ್ಯಾಹ್ನ ಜಾಲಿ ನೆರಳಿಗೆ ಬುತ್ತಿ ಬಿಚ್ಚಿದಾಗ ಯಳಗ ಕುರಿಗಳ ಹಿಂಡು ಬಂತು, ಹಿಂದೆ ಕಂಬಳಿ ಹೊದ್ದ ಮುತ್ಯಾ. ಬೆಳಗಿನಿಂದ ದೂರದಲ್ಲಿ ನಿಂತು ನಮ್ಮ ಅಂಬೆಗಾಲಾಟ ನೋಡಿದ್ದನಂತೆ.

"ಬಂಗಾರಾ ಕಳಕೊಂಡೀರೇನ್ರೀ?"

"ಇಲ್ಲರೀ ಮುತ್ಯಾ, ಜ್ಯಾಡರ ಹುಳ ಹುಡಕಾಕತ್ತೀವಿ."

"ಮನ್ಯಾಗ ಇದ್ದಿಲ್ಲೇನು?"

ಸೊಸಿ ಸೀಸೆ ತೋರಿಸಿದಳು. ಮುತ್ಯಾ ಕೈ ದೂರ ಚಾಚಿ, ಕಣ್ಣು ಕಿರಿದು ಮಾಡಿ ನೋಡಿ, ಏನೂ ಕಾಣದೆ ವಾಪಸು ಕೊಟ್ಟ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಕೊಟ್ಟೆವು, ಅವನೂ ಕೂತ. ದಿಬ್ಬದ ಆಚೆ ಮಗ್ಗುಲಿಗೆ ಸಾಲಾಗಿ ತಗ್ಗುಗಳಿದ್ದವು, ಅದೇನು ಎಂದು ನಾನು ಕೇಳಿದೆ.

"ಗಿಡಾ ಹಚ್ಚತೀವಿ ಅಂತ ಜೆಸಿಬಿ ತಂದ್ರು. ಗರಸು ಎಲ್ಲಾ ಮ್ಯಾಲೆ ಬಂತು. ಗಿಡಾನೂ ಹತ್ತಲಿಲ್ಲ, ಹುಲ್ಲೂ ಹೋತು. ಈಗ ಕುರಿ ಅಕಡೆ ಹೋಗಂಗಿಲ್ಲ."

ಈ ಮಾತಿಗೆ ನಾನು ಏನು ಸೇರಿಸಿದರೂ ಹೆಚ್ಚಾಗುತ್ತದೆ, ಆದರೂ ಸೇರಿಸುತ್ತೇನೆ. ಬರಿನೆಲ ಕಂಡರೆ ಗಿಡ ನೆಡಬೇಕು ಅನ್ನುವುದು ನಮ್ಮಲ್ಲಿ ಪುಣ್ಯದ ಕೆಲಸವಾಗಿ ಕೂತಿದೆ. ಈ ಬಯಲು ಯಾವುದೋ ಕಾಡು ಕಡಿದು ಆದದ್ದಲ್ಲ. ಮಳೆ ಕಡಿಮೆ, ಮಣ್ಣು ತೆಳು, ಮೇಯುವ ಪ್ರಾಣಿ ಹೆಚ್ಚು. ಇಂಥಲ್ಲಿ ಹುಲ್ಲೇ ಸಹಜವಾಗಿ ನಿಲ್ಲುತ್ತದೆ. ಪಕ್ಕದ ಮಹಾರಾಷ್ಟ್ರದಲ್ಲಿ ಸಂಶೋಧಕರು ಶತಮಾನಗಳ ಹಿಂದಿನ ಮರಾಠಿ ಪದ, ಕಥನಗಳಲ್ಲಿ ಬರುವ ಗಿಡಗಂಟಿಗಳನ್ನು ಹೆಕ್ಕಿ ನೋಡಿದರೆ ಸಿಕ್ಕಿದ್ದು ಇದೇ ಜಾಲಿ ಬಳಗದ ಮುಳ್ಳುಕಂಟಿ, ಇದೇ ಹುಲ್ಲು. ನಮ್ಮ ಜೇಡವಂತೂ ಹುಲ್ಲಿನ ಎರಡು ಬುಡಗಳ ನಡುವೆ ಅಂಗೈಯಗಲ ಬಿಸಿಲು ಬೀಳುವ ನೆಲ ಇದ್ದರೆ ಮಾತ್ರ ಇರುತ್ತದೆ. ತಗ್ಗು ತೋಡಿದ ಮಗ್ಗುಲಲ್ಲಿ ಸೊಸಿ ಒಂದು ತಾಸು ಹುಡುಕಿದಳು. ಒಂದೂ ಇರಲಿಲ್ಲ. ಒಂದು ತಾಸಿನ ಹುಡುಕಾಟದಿಂದ ಏನನ್ನೂ ತೀರ್ಮಾನಿಸುವಂತಿಲ್ಲ ಎಂದು ಅವಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ರಾತ್ರಿ ಬೀಳಗಿಯ ಖಾನಾವಳಿಯಲ್ಲಿ ಝುಣಕ, ಎಣ್ಣೆಗಾಯಿ. ಲಾಡ್ಜಿನಲ್ಲಿ ಕರೆಂಟಿರಲಿಲ್ಲ.

ಭಾನುವಾರ, ಯಡಹಳ್ಳಿ ಕಡೆ

ಘಟಪ್ರಭೆ ಮತ್ತು ಕೃಷ್ಣೆಯ ನಡುವಿನ ಗುಡ್ಡಗಳಲ್ಲಿ, ಬೀಳಗಿ ಮತ್ತು ಮುಧೋಳ ತಾಲೂಕುಗಳಿಗೆ ಹಬ್ಬಿಕೊಂಡು ಯಡಹಳ್ಳಿ ಚಿಂಕಾರ ಅಭಯಾರಣ್ಯವಿದೆ. ಸುಮಾರು 96 ಚದರ ಕಿಲೋಮೀಟರು. ಚಿಂಕಾರ ಎನ್ನುವ ಈ ಸಣ್ಣ ಹುಲ್ಲೆಯನ್ನು ಊರವರು ಚಿಗರಿಯ ಲೆಕ್ಕಕ್ಕೇ ಸೇರಿಸುತ್ತಾರೆ. ತೋಳ, ಕತ್ತೆಕಿರುಬಗಳೂ ಇವೆ. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಇರುವೆಯನ್ನೂ ಎತ್ತಿಕೊಳ್ಳುವಂತಿಲ್ಲ, ಅದು ಸರಿಯೇ. ಸೊಸಿಯ ಅರ್ಜಿ ಇನ್ನೂ ದಾರಿಯಲ್ಲಿದೆ. ಅದಕ್ಕೆ ಗಡಿಯ ಹೊರಗಿನ ಒಂದು ಪಡಾ ಹೊಲಕ್ಕೆ, ಹೊಲದವರನ್ನು ಕೇಳಿಕೊಂಡು ಹೋದೆವು. ಆ ಹೊಲದ ಅಣ್ಣಾರು ಬೈಕು ನಿಲ್ಲಿಸಲು ಜಾಗ ತೋರಿಸಿ, ಎರಡು ತಂಬಿಗೆ ಮಜ್ಜಿಗೆಯನ್ನೂ ಕೊಟ್ಟರು.

ಹೊಲಕ್ಕೆ ಇಳಿಯುವಾಗಲೇ ಎದುರಿನ ಏರಿನ ಮೇಲೆ ಒಂದು ಚಿಂಕಾರ ನಿಂತಿತ್ತು. ಬಾಲ ಪಟಪಟನೆ ಅಲ್ಲಾಡಿಸಿ, ಒಂದು ನೆಗೆತಕ್ಕೆ ಕಾಣೆಯಾಯಿತು. ಕ್ಯಾಮೆರಾ ಚೀಲದಲ್ಲಿತ್ತು. ಸೊಸಿ ತಲೆ ಎತ್ತಲೂ ಇಲ್ಲ.

ಇಲ್ಲಿ ಹುಲ್ಲು ಗಿಡ್ಡ, ಕಲ್ಲು ಹೆಚ್ಚು. ಒಣಗಿದ ಸಗಣಿ ಕುಳ್ಳಿನಂತಾಗಿ ಬಿದ್ದ ಕಡೆಯೆಲ್ಲ ಗೆದ್ದಲು ಮಣ್ಣಿನ ಹೊದಿಕೆ ಎಳೆದಿತ್ತು. ಅಂಥದೊಂದನ್ನು ಸೊಸಿ ಚಿಮಟಿಗೆಯಿಂದ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಬಿಳಿಗೆದ್ದಲು ದಿಕ್ಕಾಪಾಲಾಗಿ ಓಡಿದವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಕಲ್ಲಿನ ಸಂದಿಯಿಂದ ಹೊರಬಂದದ್ದು ನಾವು ಹುಡುಕುತ್ತಿದ್ದವನೇ.

ಹೆಣ್ಣು ಮಣ್ಣಿನ ಬಣ್ಣದ್ದು, ಇವನು ಹಾಗಲ್ಲ. ಕಪ್ಪು ಮೈ, ತಲೆಯಿಂದ ಬೆನ್ನಿಗೆ ಇಳಿದ ಎರಡು ಬಿಳಿ ಪಟ್ಟಿ, ಹೊಟ್ಟೆಯ ಮೇಲೆ ಬಿಳಿ ಚುಕ್ಕಿ. ಪಾಲ್ಪಿನ ತುದಿಯ ಕೂದಲು ಹಳದಿ. ಅವನು ಗೆದ್ದಲಿನ ಕಡೆ ನೇರ ಹೋಗಲಿಲ್ಲ. ಎರಡು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ, ಎರಡೂ ಪಾಲ್ಪ್ ಪಟಪಟ ಮೇಲೆ ಕೆಳಗೆ ಮಾಡುತ್ತಿದ್ದ. ಗೆದ್ದಲು ತಿರುಗಿದ ಕೂಡಲೇ ಹಿಂದಿನಿಂದ ಹಾರಿ ಕತ್ತಿಗೆ ಬಾಯಿ ಹಾಕಿದ. ತನಗಿಂತ ಉದ್ದದ ಗೆದ್ದಲನ್ನು ಎತ್ತಿಕೊಂಡೇ ಹಿಂದಕ್ಕೆ ನಡೆದು ಕಲ್ಲಿನ ನೆರಳು ಸೇರಿದ. ಇವನ ಬಳಗದ್ದೇ ಒಂದು ಪ್ರಭೇದ ಜಿಂಬಾಬ್ವೆಯಲ್ಲಿದೆ. ಗೆದ್ದಲು ತಿನ್ನುವ ಆ ಜೇಡಕ್ಕೆ 1999ರಲ್ಲಿ ಟರ್ಮಿಟೋಫೇಗಸ್ ಎಂದೇ ಹೆಸರಿಟ್ಟರು. ಅಲ್ಲಿಯ ಹುಲ್ಲುಗಾವಲಿಗೂ ಇಲ್ಲಿಯದಕ್ಕೂ ನಡುವೆ ಒಂದು ಸಮುದ್ರವೇ ಇದೆ, ಆದರೆ ಬದುಕುವ ವಿದ್ಯೆ ಒಂದೇ.

ಸೊಸಿ ಉಸಿರು ಬಿಗಿಹಿಡಿದು ಸೀಸೆ ಕವುಚಿದಳು. ಗೆದ್ದಲು ಬಿಡದೆ ಅವನು ಸೀಸೆಯೊಳಗೆ ಬಂದ. ಅವಳು ಅವನನ್ನು ಕೂಡಲೇ ಸ್ಪಿರಿಟ್ಟಿಗೆ ಹಾಕಲಿಲ್ಲ. ಅದೇ ಜಾಗದಲ್ಲಿ ಸಿಕ್ಕ ಹೆಣ್ಣೊಂದನ್ನು ಅಗಲ ಡಬ್ಬಿಯೊಂದರಲ್ಲಿ ಬಿಟ್ಟು, ಮಧ್ಯದಲ್ಲಿ ತೆರೆ ಇಟ್ಟು, ಅವನನ್ನು ಆ ಕಡೆ ಇಳಿಸಿದಳು. ತೆರೆ ತೆಗೆದ ಮೇಲೆ ನೋಡಬೇಕು ಅವನ ಸಡಗರ. ಮುಂಗಾಲು ಎರಡನ್ನೂ ಎತ್ತಿ, ಅಡ್ಡಡ್ಡ ಓರೆಯಾಗಿ ಹೆಜ್ಜೆ ಹಾಕುತ್ತ, ಹಳದಿ ಪಾಲ್ಪ್ ಕುಣಿಸುತ್ತ ಅವಳ ಸುತ್ತ ಅರ್ಧ ಸುತ್ತು ಬಂದ. ಅವಳು ಅವನನ್ನೇ ನೋಡುತ್ತ ತಿರುಗಿದಳು. ಓಡಿಸಲಿಲ್ಲ, ತಿನ್ನಲೂ ಇಲ್ಲ. ಜಿಗಿಜೇಡಗಳ ಈ ಕುಣಿತವನ್ನು ಮೊದಲು ಕೂತು ಕಣ್ಣಾರೆ ನೋಡಿ ವಿವರವಾಗಿ ಬರೆದವರು ಅಮೆರಿಕದ ಪೆಕ್‌ಹಮ್ ದಂಪತಿ, 1889ರ ಸುಮಾರಿಗೆ. ಜಿಗಿಜೇಡಗಳಿಗೇ ಮೀಸಲಾದ ಪೆಕ್‌ಹಾಮಿಯಾ ಎಂಬ ಪತ್ರಿಕೆ ಇವತ್ತಿಗೂ ಅವರ ಹೆಸರಿನಲ್ಲಿ ಬರುತ್ತಿದೆ. ಒಂದೇ ನೆಲದಲ್ಲಿ ಸಿಕ್ಕಿದ್ದು, ಒಬ್ಬರಿಗೊಬ್ಬರು ಒಲಿದದ್ದು. ಇಬ್ಬರೂ ಒಂದೇ ಪ್ರಭೇದ ಎನ್ನಲು ಇವು ಒಳ್ಳೆಯ ಸಾಕ್ಷಿ. ಪಕ್ಕಾ ಸಾಕ್ಷಿ ಡಿಎನ್‌ಎ.

ಹೊತ್ತು ಇಳಿಯುವ ಹೊತ್ತಿಗೆ ಇನ್ನೂ ಕೆಲವು ಗಂಡುಗಳು ಸಿಕ್ಕವು. ಎಲ್ಲವನ್ನೂ ತೆಗೆದುಕೊಳ್ಳಲಿಲ್ಲ. ಬೇಕಾದಷ್ಟನ್ನೇ ಸ್ಪಿರಿಟ್ಟಿಗಿಳಿಸಿದಳು, ಡಿಎನ್‌ಎಗೆಂದು ಒಂದನ್ನು ಅಪ್ಪಟ ಆಲ್ಕೋಹಾಲಿಗೆ. "ಫೋಟೊ ಸಾಲೂದಿಲ್ಲೇನು?" ಎಂದು ಕೇಳಿದೆ. "ಫೋಟೊದಾಗ ಒಳಗಿಂದು ಕಾಣತೈತೇನು ಮಾಮಾ?" ಎಂದು ಸೀಸೆಯ ಮುಚ್ಚಳ ಬಿಗಿ ಮಾಡಿದಳು. ಅವಳಿಗೂ ಅದು ಇಷ್ಟದ ಗಳಿಗೆ ಅಲ್ಲ ಎಂದು ಕಂಡಿತು. ಪೆನ್ಸಿಲಿನಲ್ಲಿ ಚೀಟಿ ಬರೆದು ಸೀಸೆಯೊಳಗೇ ಹಾಕಿದಳು: ಊರು, ತಾಲೂಕು, ಅಕ್ಷಾಂಶ, ರೇಖಾಂಶ, ಎತ್ತರ, ತಾರೀಖು, ಹಿಡಿದವರು. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಚೀಟಿ ಇಲ್ಲದ ಜೇಡಕ್ಕೆ ಈ ಶಾಸ್ತ್ರದಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಸೋಮವಾರ, ವಿದ್ಯಾಗಿರಿ

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಜಾಗ ಸಿಕ್ಕಿತ್ತು. ಪ್ರವಾಸದ ಅಸಲು ಭಾಗ ಇಲ್ಲಿಂದ ಶುರು ಅನ್ನಬೇಕು. ಹುಡುಕುವವರಿಗೆ ಬಿಸಿಲು, ಬಾರಿ ಮುಳ್ಳು, ಚಿಂಕಾರ ಎಲ್ಲ ಉಂಟು. ಹೊಸ ಪ್ರಭೇದ ಹೌದೋ ಅಲ್ಲವೋ ಎಂಬುದು ಇತ್ಯರ್ಥವಾಗುವುದು ಮಾತ್ರ ಕುರ್ಚಿಯ ಮೇಲೆ, ಕತ್ತು ಬಗ್ಗಿಸಿ ಕೂತಾಗ.

ಮೊದಲು ಅಳತೆ. ತಲೆಯೆದೆಯ ಉದ್ದ, ಅಗಲ, ಹೊಟ್ಟೆ, ಪ್ರತಿ ಕಣ್ಣಿನ ವ್ಯಾಸ, ಎಂಟೂ ಕಣ್ಣುಗಳ ನಡುವಿನ ಅಂತರ, ಕಾಲಿನ ಒಂದೊಂದು ಗೆಣ್ಣು. ಎಲ್ಲ ಮಿಲಿಮೀಟರಿನ ನೂರರ ಭಾಗದಲ್ಲಿ. ಅವಳು ಹೇಳಿದಳು, ನಾನು ಬರೆದುಕೊಂಡೆ. ನಮ್ಮ ಆಫೀಸಿನ ಲೆಡ್ಜರಿಗಿಂತ ಬೇಸರದ ಕೆಲಸ.

ಆಮೇಲೆ ಎಡಗಡೆಯ ಪಾಲ್ಪ್. ಎಡಗಡೆಯದನ್ನೇ ಚಿತ್ರಿಸುವುದು ರೂಢಿ; ಜಗತ್ತಿನ ಎಲ್ಲರೂ ಹಾಗೇ ಮಾಡಿದರೆ ಚಿತ್ರಕ್ಕೆ ಚಿತ್ರ ಇಟ್ಟು ನೋಡಬಹುದು. ಸೂಜಿಯ ತುದಿಯಿಂದ ಅದನ್ನು ಬಿಡಿಸಿ, ಗಾಜಿನ ಬಟ್ಟಲಿನ ಮರಳಿನಲ್ಲಿ ಬೇಕಾದ ಕೋನಕ್ಕೆ ನಿಲ್ಲಿಸಿದಳು. ನನಗೂ ನೋಡಲು ಕೊಟ್ಟಳು. ಮೊದಲು ಕಂಡದ್ದು ಬೆಳಕು, ನನ್ನದೇ ರೆಪ್ಪೆ. ಫೋಕಸ್ ತಿರುವಿದಂತೆ ಕಂದು ಬಣ್ಣದ ಉಬ್ಬಿದ ಗುಂಡೊಂದು ಮೇಲೆದ್ದು ಬಂತು. ಅದರ ಮೈಮೇಲೆ ಸುರುಳಿಯಾಗಿ ಹೋದ ನಾಳ, ತುದಿಯಲ್ಲಿ ಗಿಡ್ಡನೆಯ ಬಾಗಿದ ಮೊಳೆ. ಅದು ಎಂಬೋಲಸ್, ವೀರ್ಯ ದಾಟಿಸುವ ತುದಿ. ಪಕ್ಕದಲ್ಲಿ ಹಿಂದಿನ ಗೆಣ್ಣಿನಿಂದ ಚಾಚಿದ ಒಂದು ಕೊಕ್ಕೆ. ಆ ಮೊಳೆಯ ಬಾಗು ಎಷ್ಟು, ಆ ಕೊಕ್ಕೆ ಒಂಟಿಯೋ ಕವಲೋ, ಇದರ ಮೇಲೆ ಪ್ರಭೇದ ನಿಲ್ಲುತ್ತದೆ. ಮೈಯ ಬಣ್ಣ, ಪಟ್ಟಿ ಇವುಗಳನ್ನು ನಂಬಿಕೊಂಡು ಕೂರುವಂತಿಲ್ಲ. ಒಂದೇ ಹೊಲದಲ್ಲಿ ಎರಡು ಥರ ಇರುತ್ತವೆ. ಹೆಣ್ಣಿನದಾದರೆ ಹೊಟ್ಟೆಯ ಅಡಿಯ ಎಪಿಜೈನ್ ಎಂಬ ಫಲಕವನ್ನು ಬಿಡಿಸಿ, ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು, ಮಾಂಸ ಪಾರದರ್ಶಕವಾದ ಮೇಲೆ ಒಳಗಿನ ನಾಳಗಳ ಸುತ್ತು ನೋಡಬೇಕು.

ಇನ್ನು ತಾಳೆ ನೋಡುವುದು. ಜಗತ್ತಿನ ಜೇಡಗಳ ಪಟ್ಟಿಯನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ಸಂಗ್ರಹಾಲಯ ಇಟ್ಟುಕೊಂಡಿದೆ. 2022ರ ಏಪ್ರಿಲ್‌ನಲ್ಲಿ ಅದು 50,000 ಮುಟ್ಟಿತು. ಆ 50,000ನೆಯದೂ ದಕ್ಷಿಣ ಅಮೆರಿಕದ ಒಂದು ಜಿಗಿಜೇಡವೇ, ಗುರಿಯೂರಿಯಸ್ ಮಿನುವಾನೊ. ಜೇಡ ಕುಟುಂಬಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಜಿಗಿಜೇಡಗಳದ್ದು, 6,000ಕ್ಕೂ ಮಿಕ್ಕಿದ ಪ್ರಭೇದ. ಉಳಿದ ಪ್ರಾಣಿಗಳ ಹೆಸರಿನ ಲೆಕ್ಕ ಲಿನೇಯಸ್ಸನ 1758ರ ಗ್ರಂಥದಿಂದ ಶುರುವಾದರೆ, ಜೇಡಗಳದ್ದು ಅದಕ್ಕೂ ಒಂದು ವರ್ಷ ಮೊದಲು, ಸ್ವೀಡನ್ನಿನ ಕ್ಲರ್ಕ್ 1757ರಲ್ಲಿ ಬರೆದದ್ದರಿಂದ. ಅಂದಿನಿಂದ ಇಂದಿನತನಕ ಯಾರೂ ಇದನ್ನು ಬೇರೆ ಹೆಸರಿನಲ್ಲಿ ಬರೆದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಎಲ್ಲ 6,000 ನೋಡಬೇಕಿಲ್ಲ, ಬಳಗ ಗೊತ್ತಾದರೆ ಪಟ್ಟಿ ಗಿಡ್ಡವಾಗುತ್ತದೆ. ಎರಡು ಬಿಳಿ ಪಟ್ಟಿ, ನೆಲದ ಮೇಲಿನ ಬದುಕು ಎಲ್ಲ ಸ್ಟೆನೆಲುರಿಲ್ಲಸ್ ಕುಲದ ಕಡೆಗೆ ಬೆರಳು ತೋರಿಸುತ್ತಿದ್ದವು. ಆದರೆ ಅದರ ನೆಂಟ ಲ್ಯಾಂಗೆಲುರಿಲ್ಲಸ್ ಕುಲವನ್ನು ಬಿಡುವಂತಿಲ್ಲ. ಅದು ಆಫ್ರಿಕದ್ದು ಮಾತ್ರ ಎಂದು ಎಲ್ಲರೂ ನಂಬಿದ್ದಾಗ 2017ರಲ್ಲಿ ಭಾರತದಲ್ಲೂ ಸಿಕ್ಕಿತು. ನಮ್ಮ ರಾಜ್ಯದ ಒಣ ಬಯಲುಗಳನ್ನೂ ಯಾರೂ ಪೂರ್ತಿ ನೋಡಿಲ್ಲ ಎನ್ನಲು 2024ರ ಸುದ್ದಿಯೇ ಸಾಕು: ತೆಂಕಣ ಎಂಬ ಹೊಸ ಕುಲವನ್ನೇ ಆಗ ಬರೆದರು, ಅದರ ಹೊಸ ಪ್ರಭೇದಕ್ಕೆ ಜಯಮಂಗಲಿ ಎಂದು ಹೆಸರಿಟ್ಟರು. ಹುಲಿ ಹುಡುಕಲು ಕೋಟಿ ಖರ್ಚು ಮಾಡುವ ನಾಡಿನಲ್ಲಿ ಒಂದು ಇಡೀ ಕುಲ ಅಷ್ಟು ದಿನ ಬೇರೆ ಕುಲ ಎಂದು ಗುರುತಾಗದೆ ಕೂತಿತ್ತು.

ಸಂಜೆಯವರೆಗೆ ಸೊಸಿ ಒಂದೊಂದೇ ಹೆಸರಿಗೆ ಗೀಟು ಎಳೆಯುತ್ತ ಬಂದಳು. ಇದರದ್ದು ಕೊಕ್ಕೆ ಉದ್ದ, ಅಲ್ಲ. ಇದರದ್ದು ಎಂಬೋಲಸ್ ನೀಳ, ಅಲ್ಲ. ಇದರ ಹೆಣ್ಣಿನ ನಾಳ ಎರಡು ಸುತ್ತು, ನಮ್ಮದರದ್ದು ಒಂದೇ. ಲ್ಯಾಬಿನ ಅಟೆಂಡರ್ ಬಾಗಿಲು ಹಾಕಲು ಬಂದು ಎರಡು ಸಲ ಕೆಮ್ಮಿದ. ಕೊನೆಗೆ ಒಂದೇ ಹೆಸರು ಉಳಿಯಿತು. ಹಳೆಯ ವಿವರಣೆ. ಹೆಣ್ಣು ಮಾತ್ರ. ಚಿತ್ರ ಎಷ್ಟು ಮಸುಕಾಗಿದೆ ಎಂದರೆ ಅದು ಎಪಿಜೈನೋ ಶಾಯಿಯ ಕಲೆಯೋ ಹೇಳುವಂತಿಲ್ಲ. ಅದನ್ನು ತಳ್ಳಿಹಾಕಬೇಕಾದರೆ ಆ ಹೆಸರು ಹೊತ್ತ ಮೂಲ ಮಾದರಿಯನ್ನೇ, ಅಂದರೆ ಹೋಲೋಟೈಪನ್ನೇ ನೋಡಬೇಕು. ಅದು ಇರುವುದು ಹೊರದೇಶದ ಒಂದು ಸಂಗ್ರಹಾಲಯದಲ್ಲಿ. ಅಲ್ಲಿಂದ ಹೊಸದಾಗಿ ಫೋಟೊ ತೆಗೆಸಿ ಕಳಿಸಿ ಎಂದು ಅವಳು ಮೇಲ್ ಬರೆದಳು. ಅಲ್ಲಿಯತನಕ ಇವನಿಗೆ ಹೆಸರಿಲ್ಲ.

ಮಂಗಳವಾರ, ನವನಗರ

ಬೆಳಿಗ್ಗೆ ಸೂಸಲಾ, ಮಿರ್ಚಿ ತಿನ್ನುತ್ತಿದ್ದಾಗ ಬೀಳಗಿಯ ಮುತ್ಯಾನ ಫೋನು. ಶನಿವಾರ ನಂಬರು ಕೊಟ್ಟು ಬಂದಿದ್ದೆವು.

"ಯವ್ವಾ, ನಿಮ್ಮ ಹುಳ ಸಿಕ್ಕೈತಿ. ನನ್ನ ಕಂಬಳಿ ಮ್ಯಾಲೇ ಬಂದು ಕುಂತೈತಿ. ಹಿಡದು ಇಡ್ಲೇನು?"

"ಬ್ಯಾಡ್ರಿ ಮುತ್ಯಾ, ಹಿಡೀಬ್ಯಾಡ್ರಿ. ಬೆನ್ನ ಮ್ಯಾಲೆ ಬಿಳಿ ಪಟ್ಟಿ ಎರಡ ಅದಾವೇನು ನೋಡ್ರಿ."

"ಅದೆಲ್ಲಿ ಕಾಣಬೇಕವ್ವಾ ನನಗ. ಮೊಮ್ಮಗನ ಕೈಲಿ ಫೋಟೊ ಹೊಡಸ್ತೀನಿ ತಡಿ."

ಫೋಟೊ ಬಂತು. ಬೆರಳಿನ ಅರ್ಧ, ಕಂಬಳಿಯ ಬಹುಭಾಗ, ಮೂಲೆಯಲ್ಲಿ ಒಂದು ಜಿಗಿಜೇಡ. ಪಟ್ಟಿ ಇತ್ತು, ಆದರೆ ಅವನು ಪ್ಲೆಕ್ಸಿಪ್ಪಸ್ ಪೇಕುಲ್ಲಿ. ನಮ್ಮ ನಿಮ್ಮೆಲ್ಲರ ಮನೆಗೋಡೆಯ ಮೇಲೆ ನೊಣ ಹಿಡಿಯುತ್ತ ಓಡಾಡುವವನು, ಬೆಚ್ಚನೆಯ ದೇಶಗಳಲ್ಲೆಲ್ಲ ಸಿಗುವವನು, 1826ರಲ್ಲೇ ಹೆಸರು ಬಿದ್ದವನು.

ಸೊಸಿ ಅದನ್ನು ಮುತ್ಯಾನಿಗೆ ಹೇಳಿದಳು. ಇದು ಬೇರೆ, ಮನಿ ಹುಳ ಎಂದು. "ಹಂಗಾರ ನಿಮ್ಮದು ಎಂಥಾದ್ದವ್ವಾ?" ಎಂದು ಅವನು ಕೇಳಿದ. ಅವಳು ಗೆದ್ದಲು ಹಿಡಿದ ನಮ್ಮ ಗಂಡಿನ ಫೋಟೊವನ್ನು ಮೊಮ್ಮಗನ ಮೊಬೈಲಿಗೆ ಕಳಿಸಿ, ಕೆಳಗೆ ಬರೆದಳು: ಕಲ್ಲು ಎಬ್ಬಿಸಬ್ಯಾಡ್ರಿ, ಬಿಸಿಲು ಬಿದ್ದ ಮ್ಯಾಲೆ ಒಣ ಸಗಣಿ ಹತ್ರ ನೋಡ್ರಿ, ಕಂಡ ಜಾಗ ಫೋಟೊ ತಗೀರಿ ಸಾಕು. ಹತ್ತೂವರೆಯ ಬಸ್ಸಿಗೆ ಹತ್ತಿಸಿದೆ. ಸ್ಪಿರಿಟ್ಟಿನ ಚೀಲ ಈ ಸಲವೂ ನನ್ನ ಕೈಗೆ ಕೊಡಲಿಲ್ಲ.